ಮೂರು ಕೊಟೇಶನ್, ಒಂದು ಬಾತ್‌ರೂಮ್: ಕೆಲಸ ಯಾರಿಗೆ ಕೊಡಬೇಕು?

ಪ್ರಶ್ನೆ: ನಮ್ಮ ಮನೆ ಕಟ್ಟಿ 18 ವರ್ಷ ಆಯಿತು. ಮೇಲಿನ ಬಾತ್‌ರೂಮಿನ ಕೆಳಗಿರುವ ರೂಮಿನ ಸೀಲಿಂಗ್‌ನಲ್ಲಿ ಒಂದು ವರ್ಷದಿಂದ ತೇವದ ಕಲೆ ಇದೆ. ಪೇಂಟ್ ಉದುರುತ್ತಿದೆ. ಹೇಗೂ ಬಾತ್‌ರೂಮ್ ಹಳೆಯದಾಯಿತು, ಪೂರ್ತಿ ಹೊಸದಾಗಿ ಮಾಡಿಸೋಣ ಅಂತ ಮೂವರನ್ನು ಕರೆಸಿದೆವು. ಮೊದಲನೆಯವರು ‘ಒಡೆಯೋದೇ ಬೇಡ, ಹಳೆ ಟೈಲ್ಸ್ ಮೇಲೆಯೇ ಹೊಸದು ಅಂಟಿಸಿ ಒಂದು ವಾರದಲ್ಲಿ ಮುಗಿಸ್ತೀನಿ, ಅರ್ಧ ದುಡ್ಡು ಅಡ್ವಾನ್ಸ್ ಕೊಡಿ’ ಅಂದರು. ಎರಡನೆಯವರು ಸ್ಲ್ಯಾಬ್‌ವರೆಗೂ ಒಡೆಯಬೇಕು, ಮೂರರಿಂದ ನಾಲ್ಕು ವಾರ ಬೇಕು ಅನ್ನುತ್ತಾರೆ. ಅವರ ಕೊಟೇಶನ್ ಮೊದಲನೆಯವರದಕ್ಕಿಂತ ಎರಡೂವರೆ ಪಟ್ಟು ಜಾಸ್ತಿ. ಮೂರನೆಯವರು ಮೇಸ್ತ್ರಿ. ಸಾಮಾನು ನೀವೇ ತಂದುಕೊಡಿ, ನನಗೆ ಕೂಲಿ ಕೊಟ್ಟರೆ ಸಾಕು ಅನ್ನುತ್ತಾರೆ. ‘ಕಂಟ್ರಾಕ್ಟರ್ ಅಂದ್ರೆ ಬರೀ ಕಮಿಷನ್, ಮೇಸ್ತ್ರಿಗೇ ಕೊಡಿ’ ಅಂತ ನಮ್ಮ ಭಾವನವರ ಸಲಹೆ. ಇದರ ಮಧ್ಯೆ ನನ್ನ ಯಜಮಾನರು ಆಫರ್ ಇದೆ ಅಂತ ಕಮೋಡ್ ತಂದೇ ಬಿಟ್ಟಿದ್ದಾರೆ. ಯಾರನ್ನು ನಂಬುವುದು?

ಉತ್ತರ: ಪಾಪ, ಮೂವರ ಮಾತು ಕೇಳಿ ತಲೆ ಕೆಟ್ಟಿರಬೇಕು. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಕಡಿಮೆ ಹೇಳಿದವರು ಕೈಕೊಟ್ಟರೆ? ಜಾಸ್ತಿ ಹೇಳಿದವರು ಸುಮ್ನೆ ಸುಲಿಯುತ್ತಿದ್ದರೆ? ಮನೆ ರಿಪೇರಿ ಉಸ್ತುವಾರಿಯೇ ನನ್ನ ಕಸುಬು. ದಿನವೂ ಕೇಳುವ ಪ್ರಶ್ನೆ ಇದು.

ಆದರೆ ಒಂದು ವಿಷಯ ಗಮನಿಸಿ. ಈ ಮೂವರೂ ಒಂದೇ ಕೆಲಸಕ್ಕೆ ರೇಟು ಹೇಳಿಲ್ಲ. ಒಬ್ಬರು ಟೈಲ್ಸ್ ಬದಲಿಸುವುದಕ್ಕೆ ಹೇಳಿದ್ದಾರೆ. ಇನ್ನೊಬ್ಬರು ಬಾತ್‌ರೂಮನ್ನೇ ಹೊಸದಾಗಿ ಕಟ್ಟುವುದಕ್ಕೆ ಹೇಳಿದ್ದಾರೆ. ಮತ್ತೊಬ್ಬರು ತಮ್ಮ ದುಡಿಮೆಗೆ ಮಾತ್ರ ಹೇಳಿದ್ದಾರೆ. ಇವನ್ನು ಪಕ್ಕಪಕ್ಕ ಇಟ್ಟು ಯಾವುದು ಅಗ್ಗ ಅಂತ ನೋಡಿದರೆ ಏನೂ ತಿಳಿಯುವುದಿಲ್ಲ. ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಮೂವರು ಏನೇನು ಹೇಳಿದರು ಅಂತೆಲ್ಲ ಇದೆ, ಕೆಳಗಿನ ರೂಮಿನ ಸೀಲಿಂಗ್ ನೋಡಿದರು ಅಂತ ಮಾತ್ರ ಎಲ್ಲೂ ಇಲ್ಲ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ

ಬಾತ್‌ರೂಮಿನ ಕೆಳಗೆ ತೇವ ಬಂದರೆ ಸಾಮಾನ್ಯವಾಗಿ ಮೂರು ಕಾರಣ. ನೀರು ತರುವ ಪೈಪ್ ಸೋರುತ್ತಿರಬಹುದು. ನೀರು ಹೊರಗೆ ಹೋಗುವ ಪೈಪ್ ಅಥವಾ ವಾಸನೆ ತಡೆಯಲು ನೀರು ಹಿಡಿದಿಡುವ ಬಾಗಿದ ಕೊಳವೆಯಾದ ಟ್ರ್ಯಾಪ್‌ನ ಜಾಯಿಂಟ್ ಬಿಟ್ಟಿರಬಹುದು. ಇಲ್ಲವೇ ಟೈಲ್ಸ್ ಕೆಳಗೆ ನೀರು ತಡೆಯಲು ಹಾಕುವ ನೆಲದ, ಗೋಡೆಯ ವಾಟರ್‌ಪ್ರೂಫಿಂಗ್ ಹೋಗಿರಬಹುದು. ಮೂರಕ್ಕೂ ಖರ್ಚು ಬೇರೆ, ಕೆಲಸ ಬೇರೆ.

ನೀರು ತರುವ ಪೈಪಿನಲ್ಲಿ ಹಗಲು ರಾತ್ರಿ ಒತ್ತಡ ಇರುತ್ತದೆ. ಹಾಗಾಗಿ ಅದು ಸೋರಿದರೆ ನೀವು ಊರಲ್ಲಿ ಇಲ್ಲದಿದ್ದರೂ ಸೋರುತ್ತದೆ. ನಾಲ್ಕು ದಿನ ಬಾತ್‌ರೂಮ್ ಬಳಸದೆ ಇದ್ದರೂ ಕಲೆ ಒದ್ದೆಯಾಗಿಯೇ ಇದೆಯಾ? ಹಾಗಿದ್ದರೆ ಮೊದಲ ಅನುಮಾನ ಇದರ ಮೇಲೆ. ಒಂದು ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಫ್ಲಶ್ ಟ್ಯಾಂಕಿಗೆ ಹೋಗುವ ಆ್ಯಂಗಲ್ ಕಾಕ್ (ಗೋಡೆಯ ಸಣ್ಣ ವಾಲ್ವ್) ಕೂಡ ಮುಚ್ಚಿ. ಮೇಲೆ ಟ್ಯಾಂಕ್ ಇದ್ದರೆ ಅದಕ್ಕೆ ನೀರು ಬರುವುದನ್ನು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿಡಿ. ಟ್ಯಾಂಕ್ ಇಲ್ಲದೆ ನೇರ ಸಪ್ಲೈ ಇದ್ದರೆ ಮೀಟರ್ ರೀಡಿಂಗ್ ಬರೆದಿಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ, ಅಥವಾ ರೀಡಿಂಗ್ ಏರಿದ್ದರೆ, ನೀರು ಎಲ್ಲೋ ಹೋಗುತ್ತಿದೆ ಅಂತಲೇ ಅರ್ಥ. ಅದು ಈ ಬಾತ್‌ರೂಮಿನಲ್ಲೇ ಹೋಗುತ್ತಿದೆ ಅಂತ ಇನ್ನೂ ಗೊತ್ತಾಗಿರುವುದಿಲ್ಲ. ಬಾತ್‌ರೂಮಿಗೆ ಬೇರೆ ವಾಲ್ವ್ ಇದ್ದರೆ ಅದನ್ನು ಮುಚ್ಚಿ ಇನ್ನೊಂದು ರಾತ್ರಿ ನೋಡಿ.

ಹೊರಗೆ ಹೋಗುವ ಪೈಪ್ ಹಾಗಲ್ಲ. ನೀರು ಹರಿದಾಗ ಮಾತ್ರ ಸೋರುತ್ತದೆ. ನೆಲ ಒದ್ದೆ ಮಾಡದೆ, ನೆಲದ ಜಾಲಿ ತೆಗೆದು ನೇರವಾಗಿ ಪೈಪಿನ ಬಾಯಿಗೇ ಎಂಟು ಹತ್ತು ಬಕೆಟ್ ನೀರು ಸುರಿಯಿರಿ. ಇನ್ನೊಂದು ದಿನ ಬರೀ ಫ್ಲಶ್ ಮಾಡಿ ನೋಡಿ. ಕೆಳಗೆ ಕಲೆ ಹೆಚ್ಚಾಯಿತಾ?

ಕೊನೆಗೆ ನೆಲ. ಜಾಲಿಯ ಬಾಯಿ ಗಟ್ಟಿಯಾಗಿ ಮುಚ್ಚಿ, ಎರಡು ಸೆಂಟಿಮೀಟರ್‌ನಷ್ಟು ನೀರು ನಿಲ್ಲಿಸಿ, 24 ಗಂಟೆ ಬಿಡಿ. ಬಾಗಿಲ ಹೊಸ್ತಿಲು ದಾಟಿ ಹೊರಗೆ ಹರಿಯದ ಹಾಗೆ ನೋಡಿಕೊಳ್ಳಿ. ಈ ಪರೀಕ್ಷೆಗಳನ್ನು ಒಂದೇ ದಿನ ಮಾಡಬೇಡಿ. ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಕಲೆ ಒಣಗಲು ಬಿಡಿ, ಇಲ್ಲದಿದ್ದರೆ ಯಾವ ನೀರು ಯಾವುದು ಅಂತ ತಿಳಿಯುವುದಿಲ್ಲ.

ಇಲ್ಲೊಂದು ತೊಡಕು ಇದೆ, ಅನುಭವ ಇದ್ದವರೂ ಇಲ್ಲಿ ಎಡವುತ್ತಾರೆ. ಎಷ್ಟೋ ಮನೆಗಳಲ್ಲಿ ಬಾತ್‌ರೂಮಿನ ಸ್ಲ್ಯಾಬ್ ಮಿಕ್ಕ ನೆಲಕ್ಕಿಂತ ಕೆಳಗೆ ಇರುತ್ತದೆ. ಆ ಗುಂಡಿಯಲ್ಲಿ ಪೈಪ್ ಹಾಯಿಸಿ, ಇಟ್ಟಿಗೆ ಚೂರು, ಮರಳು ಏನೇನೋ ತುಂಬಿ, ಮೇಲೆ ಟೈಲ್ಸ್ ಹಾಕಿರುತ್ತಾರೆ. ಒಂದು ವರ್ಷದಿಂದ ಸೋರಿದ್ದರೆ ಆ ಗುಂಡಿ ಈಗ ಒಳಗೊಳಗೇ ಕೆರೆಯಾಗಿರಬಹುದು. ಮೇಲಿನ ಸೋರಿಕೆ ನಿಂತ ಮೇಲೂ ವಾರಗಟ್ಟಲೆ ಕೆಳಗೆ ಜಿನುಗುತ್ತಲೇ ಇರುತ್ತದೆ. ಆದ್ದರಿಂದ ‘ಬಳಸದಿದ್ದರೂ ಒದ್ದೆ’ ಎಂದ ಮಾತ್ರಕ್ಕೆ ಪೈಪೇ ಅಂತ ತೀರ್ಮಾನಿಸಬೇಡಿ, ಟ್ಯಾಂಕಿನ ಗುರುತನ್ನೂ ನೋಡಿ. ನಿಮ್ಮದು ಹೀಗೆ ತುಂಬಿದ ನೆಲವಾ ಅಂತ ತಿಳಿಯಲು ಕೆಳಗಿನ ರೂಮಿನ ಸೀಲಿಂಗ್ ನೋಡಿ. ಬಾತ್‌ರೂಮಿನ ಅಳತೆಗೆ ಅಷ್ಟು ಭಾಗ ತಗ್ಗಾಗಿದ್ದರೆ ಹೌದು.

ಟೈಲ್ಸ್ ನೀರು ತಡೆಯುತ್ತದೆ ಅನ್ನುವ ನಂಬಿಕೆ

ಒಳ್ಳೆ ಟೈಲ್ಸ್ ಹಾಕಿಸಿದರೆ ಸೋರುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಟೈಲ್ ನೀರು ಬಿಡುವುದಿಲ್ಲ, ಸರಿ. ಎರಡು ಟೈಲ್ ನಡುವಿನ ಸಂದು ಬಿಡುತ್ತದೆ. ಆ ಸಂದಿಗೆ ತುಂಬುವ ಸಿಮೆಂಟ್ ಗ್ರೌಟ್ ನೀರು ಹೀರುವ ವಸ್ತು. ಎಪಾಕ್ಸಿ ಗ್ರೌಟ್ ಹೀರುವುದು ತೀರಾ ಕಡಿಮೆ, ಕಲೆಯೂ ಅಷ್ಟಾಗಿ ಹಿಡಿಯುವುದಿಲ್ಲ, ಹಾಕಿಸಿದರೆ ಒಳ್ಳೆಯದೇ. ಆದರೆ ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲಿ ಸಣ್ಣ ಬಿರುಕು ಬಿಟ್ಟರೆ ಸಾಕು, ಅಲ್ಲಿಂದ ನೀರು ಇಳಿಯುತ್ತದೆ. ಅಂಥ ಮೂಲೆಗೆ ಬಗ್ಗುವ ಸಿಲಿಕೋನ್ ಸೀಲೆಂಟ್ ಬೇಕು, ಗಟ್ಟಿ ಗ್ರೌಟ್ ಅಲ್ಲ. ನೀರನ್ನು ನಿಜವಾಗಿ ತಡೆಯುವುದು ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಕೆಲಸ ಮುಗಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಟೇಶನ್ ಇಳಿಸಬೇಕು ಅಂದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

‘ಗಾರೆಗೆ ವಾಟರ್‌ಪ್ರೂಫ್ ಲಿಕ್ವಿಡ್ ಬೆರೆಸಿ ಹಾಕಿದ್ದೀವಿ, ಸಾಕು’ ಅನ್ನುವವರೂ ಸಿಗುತ್ತಾರೆ. ಬೆರೆಸಿದರೆ ಗಾರೆ ನೀರು ಹೀರುವುದು ಕಡಿಮೆಯಾಗುತ್ತದೆ, ನಿಜ. ಗಾರೆ ಬಿರಿದರೆ ಆ ಬಿರುಕಿಗೆ ಅದು ಏನೂ ಮಾಡುವುದಿಲ್ಲ.

ಹಾಗಾದರೆ ಟೈಲ್ಸ್ ಮೇಲೆ ಟೈಲ್ಸ್ ಹಾಕುವುದು ಮೋಸವಾ? ಮೋಸವಲ್ಲ. ಸೋರಿಕೆ ಇಲ್ಲದ, ಹಳೆ ಟೈಲ್ಸ್ ಗಟ್ಟಿಯಾಗಿ ಕೂತಿರುವ, ತಟ್ಟಿದರೆ ಎಲ್ಲೂ ಟೊಳ್ಳು ಸದ್ದು ಬರದ ಬಾತ್‌ರೂಮಿಗೆ ಅದು ಒಪ್ಪುವ ಕೆಲಸ. ಅದಕ್ಕೆಂದೇ ಇರುವ ಟೈಲ್ ಅಡ್ಹೆಸಿವ್ (ಅಂಟು) ಬಳಸಬೇಕು. ನೆಲ ಒಂದರಿಂದ ಒಂದೂವರೆ ಸೆಂಟಿಮೀಟರ್ ಎತ್ತರವಾಗುತ್ತದೆ. ಬಾಗಿಲು ತಾಗುತ್ತದಾ, ನೀರು ಹೊಸ್ತಿಲು ದಾಟುತ್ತದಾ ಅಂತ ಮೊದಲೇ ನೋಡಿಕೊಳ್ಳಬೇಕು. ಆದರೆ ಸೀಲಿಂಗ್‌ನಲ್ಲಿ ಒಂದು ವರ್ಷದಿಂದ ಕಲೆ ಇರುವ ಮನೆಗೆ ಇದನ್ನು ಹೇಳುವವರ ಮೇಲೆ ನನಗೆ ಭರವಸೆ ಇಲ್ಲ. ಕಲೆ ನೋಡಿಯೂ ಹೇಳಿದ್ದರೆ ಸುತರಾಂ ಇಲ್ಲ.

ನಾಲ್ಕು ವಾರ ಯಾಕೆ ಬೇಕು?

ಎರಡನೆಯವರು ಹೇಳಿದ ಸಮಯ ಕೇಳಿ ನಿಮಗೆ ಅನುಮಾನ ಬಂದಿರಬಹುದು. ನನಗೆ ಬಂದಿಲ್ಲ. ಒಡೆಯುವುದು ಮೂರು ನಾಲ್ಕು ದಿನದ ಮಾತು. ಆಮೇಲೆ ಹೊಸ ಪೈಪ್. ಗೋಡೆ ಮುಚ್ಚುವ ಮೊದಲು ಪಂಪ್ ಹಚ್ಚಿ ಪ್ರೆಶರ್ ಟೆಸ್ಟ್ ಮಾಡಬೇಕು. ಗೇಜಿನ ಮುಳ್ಳು ಒಂದೆರಡು ಗಂಟೆಯಾದರೂ ಅಲುಗದೆ ನಿಲ್ಲಬೇಕು. ನಂತರ ಗಾರೆ. ಅದು ಗಟ್ಟಿಯಾಗಲು ನೀರು ಹಾಕಿ ಒದ್ದೆ ಇಡುವ ಕ್ಯೂರಿಂಗ್. ಮೂಲೆಗಳನ್ನು ಗಾರೆಯಲ್ಲಿ ಗುಂಡಗೆ ಮಾಡಿ, ಅದರ ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟ್. ಮೊದಲ ಕೋಟ್ ಉದ್ದಕ್ಕೆ ಬಳಿದರೆ ಎರಡನೆಯದು ಅಡ್ಡಕ್ಕೆ, ಮಧ್ಯೆ ಒಣಗಲು ಬಿಡಬೇಕು. ಇದು ಗೋಡೆಯ ಮೇಲೂ ಸುತ್ತ ಒಂದು ಅಡಿಯಷ್ಟು ಹತ್ತಬೇಕು. ಶವರ್ ಇರುವ ಕಡೆ ಆರು ಅಡಿಯವರೆಗೆ ಹೋಗಬೇಕು. ಇದೆಲ್ಲ ಒಣಗಿದ ಮೇಲೆ ನೀರು ನಿಲ್ಲಿಸಿ 24ರಿಂದ 48 ಗಂಟೆ ಟೆಸ್ಟ್. ಕೆಳಗೆ ಒಂದು ಹನಿಯೂ ಬರಲಿಲ್ಲ ಅಂದರೆ ಮಾತ್ರ ಟೈಲ್ಸ್.

ಇದರಲ್ಲಿ ಅರ್ಧದಷ್ಟು ದಿನಗಳು ಒಣಗಲು, ಗಟ್ಟಿಯಾಗಲು ಹೋಗುತ್ತವೆ. ಆ ದಿನಗಳಲ್ಲಿ ಯಾರೂ ಬರುವುದಿಲ್ಲ. ‘ಕೆಲಸದವರು ಕಾಣೋದೇ ಇಲ್ಲ’ ಅಂತ ಮನೆಯವರಿಗೆ ಸಿಟ್ಟು ಬರುತ್ತದೆ. ಯಾವ ದಿನ ಒಣಗಲು ಬಿಟ್ಟಿದ್ದು, ಯಾವ ದಿನ ತಪ್ಪಿಸಿಕೊಂಡಿದ್ದು ಅಂತ ಗೊತ್ತಾಗಬೇಕಾದರೆ ಮೊದಲೇ ದಿನವಾರು ಪಟ್ಟಿ ಬರೆಸಿಕೊಳ್ಳಿ. ಬಾತ್‌ರೂಮ್ ಒಂದೇ ಇದ್ದರೆ ಅಷ್ಟು ದಿನ ಎಲ್ಲಿ ಹೋಗುವುದು ಅನ್ನುವುದನ್ನೂ ಈಗಲೇ ಯೋಚಿಸಿ.

ಭಾವನವರ ಮಾತು ಎಷ್ಟು ಸರಿ?

ಅರ್ಧ ಸರಿ. ಕಂಟ್ರಾಕ್ಟರ್ ತನ್ನ ಪಾಲು ಇಟ್ಟುಕೊಳ್ಳುತ್ತಾರೆ, ಅದರಲ್ಲಿ ಗುಟ್ಟೇನಿಲ್ಲ. ಆ ಪಾಲಿಗೆ ನಿಮಗೆ ಏನು ಸಿಗುತ್ತದೆ ಅನ್ನುವುದು ಮುಖ್ಯ. ಒಂದು ಉದಾಹರಣೆ ಹೇಳುತ್ತೇನೆ.

ಶವರಿಗೆ ಈಗ ತುಂಬಾ ಜನ ಗೋಡೆಯೊಳಗೆ ಕೂರುವ ಡೈವರ್ಟರ್, ಅಂದರೆ ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ ವಾಲ್ವ್, ಹಾಕಿಸುತ್ತಾರೆ. ಅದರ ಬಾಡಿಯ, ಅಂದರೆ ಗೋಡೆಯೊಳಗೆ ಉಳಿಯುವ ಭಾಗದ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಎಷ್ಟು ಆಳಕ್ಕೆ ಕೂರಿಸಬೇಕು ಅಂತ ಕವರ್ ಮೇಲೋ, ಜೊತೆಗೆ ಬರುವ ಹಾಳೆಯಲ್ಲೋ ಕನಿಷ್ಠ, ಗರಿಷ್ಠ ಅಳತೆ ಕೊಟ್ಟಿರುತ್ತಾರೆ. ಕೆಲಸ ಮುಗಿದಾಗ ಟೈಲ್ಸಿನ ಮುಖ ಆ ಎರಡರ ಮಧ್ಯೆ ಬರಬೇಕು. ಬಾಡಿ ಕೂರಿಸುವವರು ಪ್ಲಂಬರ್. ಮೇಲೆ ಗಾರೆ ಎಷ್ಟು ದಪ್ಪ, ಅಡ್ಹೆಸಿವ್ ಎಷ್ಟು, ಟೈಲ್ ಎಷ್ಟು ಅನ್ನುವುದು ಟೈಲ್ಸ್ ಹಾಕುವವರಿಗೆ ಗೊತ್ತು. ಇಬ್ಬರೂ ಮಾತಾಡಿಕೊಳ್ಳದಿದ್ದರೆ ಬಾಡಿ ಒಳಕ್ಕೆ ಹೋಗಿರುತ್ತದೆ, ಮೇಲಿನ ಹ್ಯಾಂಡಲ್ ಕೂರುವುದೇ ಇಲ್ಲ. ಆಗ ಹೊಸ ಟೈಲ್ಸ್ ಒಡೆಯಬೇಕು. ಒಡೆದರೆ ಹಿಂದಿನ ವಾಟರ್‌ಪ್ರೂಫಿಂಗೂ ಹೋಯಿತು. ಯಾರ ತಪ್ಪು? ಪ್ಲಂಬರ್ ಟೈಲ್ಸಿನವರನ್ನು ತೋರಿಸುತ್ತಾರೆ, ಟೈಲ್ಸಿನವರು ಪ್ಲಂಬರನ್ನು.

ಮೇಸ್ತ್ರಿಗೆ ಕೂಲಿ ಲೆಕ್ಕದಲ್ಲಿ ಕೊಟ್ಟರೆ ಈ ಇಬ್ಬರನ್ನು ಒಂದು ಕಡೆ ಕೂರಿಸಿ ಮಾತಾಡಿಸುವುದು ನಿಮ್ಮ ಕೆಲಸ. ಸಾಮಾನು ಕಡಿಮೆ ಬಿದ್ದರೆ ಓಡುವುದು, ಕರೆಂಟಿನವರು ಬರದ ದಿನ ಫೋನ್ ಮಾಡುವುದು, ಎಲ್ಲವೂ ನಿಮ್ಮದೇ. ಮನೆಯಲ್ಲೇ ಇರುವವರು, ಸ್ವಲ್ಪ ಗೊತ್ತಿರುವವರು, ಮೇಸ್ತ್ರಿಯ ಹಳೆ ಕೆಲಸ ನೋಡಿರುವವರು ಇದನ್ನು ಮಾಡಬಹುದು. ದುಡ್ಡೂ ಉಳಿಯುತ್ತದೆ. ಎಷ್ಟೋ ಮೇಸ್ತ್ರಿಗಳ ಕೈಕೆಲಸ ದೊಡ್ಡ ಕಂಟ್ರಾಕ್ಟರ್ ಕಳಿಸುವ ಹುಡುಗರಿಗಿಂತ ಚೆನ್ನಾಗಿರುತ್ತದೆ ಕೂಡ. ಭಾವನವರೇ ದಿನಾ ಬಂದು ನಿಲ್ಲುತ್ತಾರಾ ಕೇಳಿ ನೋಡಿ. ನಿಲ್ಲುವವರು ಯಾರೂ ಇಲ್ಲ ಅಂದರೆ, ಸೋರಿಕೆ ಇರುವ ಬಾತ್‌ರೂಮಿಗೆ ಈ ದಾರಿ ಬೇಡ ಅನ್ನುತ್ತೇನೆ.

ಆ ಕಮೋಡ್ ಬಾಕ್ಸ್ ಇನ್ನೂ ಒಡೆದಿಲ್ಲ ತಾನೇ?

ನೆಲಕ್ಕೆ ಕೂರುವ ಕಮೋಡ್‌ಗಳಲ್ಲಿ ಎರಡು ಬಗೆ. ಕೆಲವಕ್ಕೆ ಕೊಳವೆ ನೆಲದೊಳಗೆ ಇಳಿಯುತ್ತದೆ, ಅದನ್ನು ಎಸ್ ಟ್ರ್ಯಾಪ್ ಅನ್ನುತ್ತಾರೆ. ಕೆಲವಕ್ಕೆ ಹಿಂದಿನ ಗೋಡೆಗೆ ಹೋಗುತ್ತದೆ, ಅದು ಪಿ ಟ್ರ್ಯಾಪ್. ಎಸ್ ಟ್ರ್ಯಾಪ್ ಆದರೆ ಗೋಡೆಯಿಂದ ಕೊಳವೆಯ ನಡುಮಧ್ಯಕ್ಕೆ ಎಷ್ಟು ದೂರ ಅನ್ನುವುದೂ ಹೊಂದಬೇಕು. 9 ಇಂಚಿನದೂ ಇದೆ, 12 ಇಂಚಿನದೂ ಇದೆ. ಈ ಅಳತೆ ಟೈಲ್ಸ್ ಹಾಕಿ ಮುಗಿದ ಗೋಡೆಯಿಂದ, ಬರೀ ಗೋಡೆಯಿಂದಲ್ಲ. ಈಗಿನ ಕಮೋಡ್ ಪಕ್ಕ ಟೇಪ್ ಹಿಡಿದು ಅಳೆಯಿರಿ, ಬಾಕ್ಸಿನ ಮೇಲಿರುವ ಅಳತೆಗೆ ಹೋಲಿಸಿ. ಹೊಂದದಿದ್ದರೆ ಈಗಲೇ ಬದಲಿಸಿಕೊಳ್ಳಿ. ಬದಲಿಸದಿದ್ದರೆ ಕಮೋಡಿಗಾಗಿ ಪೈಪ್ ಸರಿಸಬೇಕು, ಆಫರ್‌ನಲ್ಲಿ ಉಳಿದದ್ದಕ್ಕಿಂತ ಅದು ಜಾಸ್ತಿ ಆಗುತ್ತದೆ. ಯಜಮಾನರನ್ನು ಬೈಯಬೇಡಿ, ಎಲ್ಲರೂ ಹೀಗೇ ತರುತ್ತಾರೆ.

ಈಗ ಏನು ಮಾಡಬೇಕು?

ಸೋರಿಕೆ ನೀರು ತರುವ ಪೈಪಿನದು ಮಾತ್ರ ಅಂತ ಗೊತ್ತಾದರೆ, ಪೂರ್ತಿ ಒಡೆಯುವ ತುರ್ತು ಇಲ್ಲ. ಹಳೆಯ ಲೈನ್ ಮುಚ್ಚಿಸಿ ಹೊಸ ಲೈನ್ ಗೋಡೆಯ ಮೇಲೆ ಹಾಯಿಸಬಹುದು. ನೋಡಲು ಚೆಂದ ಇರುವುದಿಲ್ಲ, ಆದರೆ ಒಂದೆರಡು ವರ್ಷ ತಳ್ಳಬಹುದು. ಟ್ರ್ಯಾಪಿನ ಜಾಯಿಂಟ್ ಮಾತ್ರ ಅಂತಾದರೆ ಅಷ್ಟು ಜಾಗ ಒಡೆದು ಸರಿಮಾಡಿಸಬಹುದು. ಇದರಲ್ಲಿ ಅಪಾಯ ಇದೆ. ಹಳೆ ವಾಟರ್‌ಪ್ರೂಫಿಂಗಿಗೆ ಹೊಸದು ಸರಿಯಾಗಿ ಕೂಡಿಕೊಳ್ಳದೆ ಆ ಅಂಚಿನಲ್ಲೇ ಮತ್ತೆ ಸೋರಬಹುದು. ನೆಲದಿಂದಲೇ ಇಳಿಯುತ್ತಿದೆ ಅಂದರೆ, ಅಥವಾ ಹೇಗೂ ಹೊಸದು ಮಾಡಿಸುವುದು ಖಚಿತ ಅಂದರೆ, ಎರಡನೆಯವರು ಹೇಳಿದ ದಾರಿಯೇ ಸರಿ. 18 ವರ್ಷದ ಪೈಪ್‌ಗಳನ್ನು ಹೊಸ ಟೈಲ್ಸ್ ಹಿಂದೆ ಹಾಗೇ ಬಿಡುವುದರಲ್ಲಿ ಅರ್ಥವಿಲ್ಲ.

ದಾರಿ ಸರಿ ಅಂದೆ, ಕೆಲಸ ಅವರಿಗೇ ಕೊಡಿ ಅನ್ನಲಿಲ್ಲ. ಮೊದಲು ನೀವೇ ಒಂದು ಹಾಳೆಯಲ್ಲಿ ಕೆಲಸದ ಪಟ್ಟಿ ಬರೆಯಿರಿ. ಎಲ್ಲಿಯವರೆಗೆ ಒಡೆಯುವುದು, ಒಡೆದ ಕಸ ಸಾಗಿಸುವುದು ಯಾರು, ಪೈಪ್ ಯಾವ ಬಗೆಯದು, ವಾಟರ್‌ಪ್ರೂಫಿಂಗ್ ಯಾವ ವಸ್ತು, ಎಷ್ಟು ಕೋಟ್, ಗೋಡೆಗೆ ಎಷ್ಟು ಎತ್ತರ, ಟೆಸ್ಟ್ ಎಷ್ಟು ಗಂಟೆ, ಟೈಲ್ಸ್ ಅಡ್ಹೆಸಿವ್‌ನಲ್ಲೋ ಸಿಮೆಂಟಿನಲ್ಲೋ, ಗೀಸರಿನ ವೈರಿಂಗ್ ಸೇರಿದೆಯೋ ಇಲ್ಲವೋ. ಅಂದಹಾಗೆ ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ಬರೀ ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ, ಅಡ್ಹೆಸಿವ್ ಬೇಕು. ಬಾತ್‌ರೂಮಿನ ಕರೆಂಟಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಲೇಬೇಕು, ಇಲ್ಲಿ ಉಳಿತಾಯದ ಮಾತೇ ಬೇಡ.

ಈ ಒಂದೇ ಪಟ್ಟಿಗೆ ಮೂವರಿಂದಲೂ ಮತ್ತೆ ರೇಟು ಕೇಳಿ. ಮೇಸ್ತ್ರಿಯ ಕೂಲಿಗೆ ಸಾಮಾನಿನ ಖರ್ಚು ಸೇರಿಸಿ, ಟೈಲ್ಸ್ ಕತ್ತರಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಜಾಸ್ತಿ ಹಿಡಿಯಿರಿ. ಎರಡೂವರೆ ಪಟ್ಟಿನ ಅಂತರ ಬಹುಪಾಲು ಅಲ್ಲೇ ಕರಗಬಹುದು. ಆಗಲೂ ಒಬ್ಬರದು ತೀರಾ ಕಡಿಮೆ ಇದ್ದರೆ ‘ಇದರಲ್ಲಿ ಯಾವುದು ಸೇರಿಲ್ಲ?’ ಅಂತ ನೇರವಾಗಿ ಕೇಳಿ. ಬೇಸರ ಮಾಡಿಕೊಳ್ಳದೆ ಉತ್ತರ ಕೊಡುವವರು ಬೇಕು.

ಹಳೆ ಕೆಲಸ ತೋರಿಸಿ ಅಂದರೆ ಎಲ್ಲರೂ ಹೊಸದಾಗಿ ಮುಗಿದದ್ದರ ಫೋಟೋ ತೋರಿಸುತ್ತಾರೆ. ಹೊಸ ಬಾತ್‌ರೂಮ್ ಎಲ್ಲವೂ ಚೆಂದವೇ. ಎರಡು ಮೂರು ವರ್ಷ ಬಳಸಿದ ಬಾತ್‌ರೂಮ್ ತೋರಿಸಲು ಕೇಳಿ. ಅಲ್ಲಿ ಒಂದು ಬಕೆಟ್ ನೀರು ಚೆಲ್ಲಿ, ಜಾಲಿಯ ಕಡೆಗೆ ತಾನಾಗಿ ಹೋಗುತ್ತದಾ ನೋಡಿ. ಒಂದು ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರ್ ಇಳಿಜಾರು ಇದ್ದರೆ ನೀರು ನಿಲ್ಲುವುದಿಲ್ಲ. ಸಾಧ್ಯವಾದರೆ ಕೆಳಗಿನ ರೂಮಿನ ಸೀಲಿಂಗನ್ನೂ ನೋಡಿ ಬನ್ನಿ. ಮಾತಾಡುವವರೇ ಕೆಲಸದ ಹತ್ತಿರ ಇರುತ್ತಾರಾ, ಅಥವಾ ಬೇರೆ ಯಾರಿಗಾದರೂ ಕೊಟ್ಟು ಹೋಗುತ್ತಾರಾ ಅಂತಲೂ ತಿಳಿದುಕೊಳ್ಳಿ.

ದುಡ್ಡಿನ ವಿಚಾರದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಅರ್ಧ ಅಡ್ವಾನ್ಸ್ ಬೇಡವೇ ಬೇಡ. ಅಡ್ವಾನ್ಸ್ ಕೇಳುವುದು ತಪ್ಪಲ್ಲ, ಅವರಿಗೂ ಸಾಮಾನು ತರಬೇಕಲ್ಲ. ಶುರುವಿಗೆ ನೂರಕ್ಕೆ ಹತ್ತೋ ಹದಿನೈದೋ ಕೊಡಿ. ಪೈಪಿನ ಪ್ರೆಶರ್ ಟೆಸ್ಟ್ ಪಾಸಾದ ಮೇಲೆ ಒಂದು ಕಂತು. ನೀರು ನಿಲ್ಲಿಸಿದ ಟೆಸ್ಟ್ ಮುಗಿದು ಕೆಳಗೆ ಒಣಗಿದ್ದರೆ ಇನ್ನೊಂದು ಕಂತು, ಇದು ಎಲ್ಲಕ್ಕಿಂತ ದೊಡ್ಡದಾಗಿರಲಿ. ಟೈಲ್ಸ್ ಮುಗಿದಾಗ ಮತ್ತೊಂದು. ಕೊನೆಯ ನೂರಕ್ಕೆ ಹತ್ತರಷ್ಟು ಬಾತ್‌ರೂಮನ್ನು ಒಂದು ತಿಂಗಳು ಬಳಸಿ ನೋಡಿದ ಮೇಲೆ. ‘ಟೈಲ್ಸ್ ಹಾಕಿದ ಮೇಲೆ ಟೆಸ್ಟ್ ಮಾಡಿದರಾಯಿತು’ ಅಂದರೆ ಒಪ್ಪಬೇಡಿ. ಆಗ ಸೋರಿದರೆ ಹೊಸ ಟೈಲ್ಸ್ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ನಿಮಗೂ ಬರುವುದಿಲ್ಲ. ಕಂತುಗಳ ಈ ಕ್ರಮಕ್ಕೆ ಒಪ್ಪದವರಿಗೆ ಕೆಲಸ ಕೊಡಬೇಡಿ, ಅವರ ರೇಟು ಎಷ್ಟೇ ಚೆನ್ನಾಗಿರಲಿ.

ಒಡೆದ ಮೇಲೆ ಹೊಸ ಸಮಸ್ಯೆ ಕಾಣುವುದು ಸಹಜ. ಸ್ಲ್ಯಾಬಿನ ಕಂಬಿ ತುಕ್ಕು ಹಿಡಿದಿರಬಹುದು, ಅದು ಯಾವ ಕೊಟೇಶನ್‌ನಲ್ಲೂ ಇರುವುದಿಲ್ಲ. ಹಾಗಾಗಿ ಒಟ್ಟು ಮೊತ್ತದಲ್ಲಿ ನೂರಕ್ಕೆ ಹತ್ತು ಹದಿನೈದು ಭಾಗ ಬೇರೆ ಎತ್ತಿಡಿ. ಹೆಚ್ಚುವರಿ ಕೆಲಸ ಯಾವುದೇ ಇರಲಿ, ಮಾಡುವ ಮೊದಲು ಏನು, ಎಷ್ಟು ಅಂತ ಬರೆದು ಕಳಿಸಲು ಹೇಳಿ. ಫೋನಿನಲ್ಲಿ ಮೆಸೇಜ್ ಹಾಕಿದರೂ ಸಾಕು. ಬಾಯಿಮಾತಿನಲ್ಲಿ ‘ಮಾಡಿ, ಆಮೇಲೆ ನೋಡೋಣ’ ಅನ್ನಬೇಡಿ. ಕೊನೆಗೆ ಜಗಳ ಬರುವುದು ಅಲ್ಲೇ.

ಗೋಡೆ ಮುಚ್ಚುವ ಮೊದಲು ಪೈಪ್‌ಗಳ ಪಕ್ಕ ಟೇಪ್ ಹಿಡಿದು ನಾಲ್ಕೂ ಕಡೆ ಫೋಟೋ ತೆಗೆದಿಡಿ. ನಾಳೆ ಟವೆಲ್ ರಾಡಿಗೆ ಡ್ರಿಲ್ ಮಾಡುವಾಗ ಬೇಕಾಗುತ್ತದೆ. ಕೆಲಸದವರು ಹೋಗುವ ಮುನ್ನ ಉಳಿದ ಟೈಲ್ಸ್‌ನಲ್ಲಿ ನೆಲದ್ದು ಒಂದು ಬಾಕ್ಸ್, ಗೋಡೆಯದು ಒಂದು ಬಾಕ್ಸ್ ನಿಮ್ಮಲ್ಲೇ ಇಟ್ಟುಕೊಳ್ಳಿ. ಬ್ಯಾಚ್ ನಂಬರ್ ಇರುವ ರಟ್ಟನ್ನು ಎಸೆಯಬೇಡಿ. ಅದೇ ಹೆಸರಿನ ಟೈಲ್ ಆದರೂ ಬೇರೆ ಬ್ಯಾಚ್ ಆದರೆ ಬಣ್ಣ ಸ್ವಲ್ಪ ಬೇರೆ ಬರುತ್ತದೆ. ಸೀಲಿಂಗಿಗೆ ಪೇಂಟ್ ಮಾತ್ರ ಈಗಲೇ ಮಾಡಿಸಬೇಡಿ. ತಿಂಗಳಾದರೂ ಒಣಗಲಿ.